ಲಾಭ ಕುಸಿದಿಲ್ಲ, ಆದರೂ ಷೇರು ಕುಸಿದಿದ್ದೇಕೆ? ಎಐ ಆತಂಕ ಮತ್ತು ಸಾಫ್ಟ್‌ವೇರ್ ಷೇರುಗಳ ಲೆಕ್ಕಾಚಾರ

2025ರಲ್ಲಿ ನಿಫ್ಟಿ 50 ಸೂಚ್ಯಂಕ ಸುಮಾರು ಶೇ 10ರಷ್ಟು ಏರಿತು. ಅದೇ ವರ್ಷ ಟಿಸಿಎಸ್, ಇನ್ಫೋಸಿಸ್, ವಿಪ್ರೋ, ಎಚ್‌ಸಿಎಲ್ ಟೆಕ್ ಸೇರಿದಂತೆ ಹತ್ತು ಕಂಪನಿಗಳಿರುವ ನಿಫ್ಟಿ ಐಟಿ ಸೂಚ್ಯಂಕ ಶೇ 12ಕ್ಕೂ ಹೆಚ್ಚು ಇಳಿಯಿತು. ಹಾಗೆಂದು ಈ ಕಂಪನಿಗಳು ನಷ್ಟಕ್ಕೆ ಬಿದ್ದಿರಲಿಲ್ಲ. ಟಿಸಿಎಸ್‌ನ ವಾರ್ಷಿಕ ವರಮಾನ 2024-25ರಲ್ಲಿ ಮೊದಲ ಬಾರಿಗೆ 3,000 ಕೋಟಿ ಡಾಲರ್ ದಾಟಿತ್ತು. ಇನ್ಫೋಸಿಸ್ ಸೆಪ್ಟೆಂಬರ್‌ನಲ್ಲಿ 18,000 ಕೋಟಿ ರೂಪಾಯಿ ಮೊತ್ತದ ಷೇರು ಮರುಖರೀದಿ ಘೋಷಿಸಿತು. ಕೈಯಲ್ಲಿ ಹಣವಿಲ್ಲದ ಕಂಪನಿ ಮಾಡುವ ಕೆಲಸವಲ್ಲ ಅದು.

ಹಾಗಿದ್ದರೆ ಹೂಡಿಕೆದಾರರು ಹೆದರಿದ್ದು ಯಾವುದಕ್ಕೆ? ಈ ವರ್ಷದ ಲಾಭಕ್ಕಲ್ಲ, ಇನ್ನು ಐದು-ಹತ್ತು ವರ್ಷದ ನಂತರದ ಲಾಭಕ್ಕೆ. ಷೇರಿನ ಬೆಲೆಯಲ್ಲಿ ಎರಡು ಅಂಶ ಇರುತ್ತವೆ. ಒಂದು, ಕಂಪನಿ ಪ್ರತಿ ಷೇರಿಗೆ ಗಳಿಸುವ ಲಾಭ. ಇನ್ನೊಂದು, ಆ ಲಾಭದ ಎಷ್ಟು ಪಟ್ಟು ಕೊಡಲು ಪೇಟೆ ಸಿದ್ಧವಿದೆ ಎಂಬುದು. ಇದನ್ನೇ ಪಿಇ ಅನುಪಾತ ಎನ್ನುತ್ತಾರೆ. ಉದಾಹರಣೆಗೆ, ಕಂಪನಿಯೊಂದು ಪ್ರತಿ ಷೇರಿಗೆ 60 ರೂಪಾಯಿ ಗಳಿಸುತ್ತದೆ ಎಂದುಕೊಳ್ಳಿ. ಮುಂದಿನ ದಾರಿ ಸ್ಪಷ್ಟವಾಗಿದ್ದಾಗ ಪೇಟೆ 30 ಪಟ್ಟು ಕೊಟ್ಟರೆ ಷೇರು 1,800 ರೂಪಾಯಿ. ದಾರಿ ಮಸುಕಾಗಿ 22 ಪಟ್ಟಿಗೆ ಇಳಿದರೆ 1,320 ರೂಪಾಯಿ. ಲಾಭದಲ್ಲಿ ಒಂದು ಪೈಸೆಯೂ ಕಡಿಮೆಯಾಗಿಲ್ಲ, ಹೂಡಿಕೆದಾರನ ಹಣ ಮಾತ್ರ ಕಾಲು ಭಾಗಕ್ಕಿಂತ ಹೆಚ್ಚು ಕರಗಿದೆ. ಕೃತಕ ಬುದ್ಧಿಮತ್ತೆ ಅಂದರೆ ಎಐ ಕುರಿತ ಅನಿಶ್ಚಿತತೆ ಮೊದಲು ಹೊಡೆಯುವುದು ಈ ಎರಡನೇ ಅಂಶಕ್ಕೆ.

ಎಣಿಕೆ ಇರುವುದು ತಲೆಗಳ ಮೇಲೆ

ಭಾರತೀಯ ಐಟಿ ಕಂಪನಿಗಳಿಗೆ ಈ ಪೆಟ್ಟು ಜೋರಾಗಿಯೇ ಬೀಳಲು ಅವುಗಳ ವ್ಯವಹಾರದ ಸ್ವರೂಪ ಕಾರಣ. ದಶಕಗಳಿಂದ ಅವು ಮುಖ್ಯವಾಗಿ ಮಾರುತ್ತಾ ಬಂದಿರುವುದು ಎಂಜಿನಿಯರ್‌ಗಳ ಸಮಯವನ್ನು. ಹೆಚ್ಚು ಜನ, ಹೆಚ್ಚು ಗಂಟೆ, ಹೆಚ್ಚು ಬಿಲ್. ಕೋಡ್ ಬರೆಯುವುದು, ಪರೀಕ್ಷಿಸುವುದು, ಹಳೆಯ ವ್ಯವಸ್ಥೆಗಳ ನಿರ್ವಹಣೆ, ಗ್ರಾಹಕ ಬೆಂಬಲ ಇವೆಲ್ಲ ಎಐ ಉಪಕರಣಗಳು ಮೊದಲು ಕೈಹಾಕಿದ ಕೆಲಸಗಳೇ. ನೂರು ಜನರ ಯೋಜನೆಯೊಂದರ ಒಪ್ಪಂದ ನವೀಕರಣಕ್ಕೆ ಬಂದಾಗ ವಿದೇಶಿ ಗ್ರಾಹಕ, 'ಎಐ ಬಳಸಿ ಎಪ್ಪತ್ತೈದು ಜನರಲ್ಲಿ ಮುಗಿಸಿ, ಉಳಿತಾಯದಲ್ಲಿ ನಮಗೂ ಪಾಲು ಕೊಡಿ' ಎಂದು ಕೇಳಿದರೆ ಕೆಲಸ ಉಳಿಯುತ್ತದೆ, ವರಮಾನ ಇಳಿಯುತ್ತದೆ. ವಿಶ್ಲೇಷಕರು 'ಎಐ ಡಿಫ್ಲೇಷನ್' ಎನ್ನುವುದು ಇದನ್ನೇ.

ಇನ್ನೊಂದು ಕಡೆ, ಬ್ಯಾಂಕು-ವಿಮಾ ಕಂಪನಿಗಳ ಹಳೆಯ ದತ್ತಾಂಶವನ್ನು ಎಐಗೆ ಒಗ್ಗುವಂತೆ ಅಣಿಗೊಳಿಸುವ ಕೆಲಸವೂ ಇದೇ ಕಂಪನಿಗಳಿಗೆ ಬರಬಹುದು. ಹೋಗುವ ಕೆಲಸ ಬೇಗ ಹೋಗುತ್ತದೋ, ಬರುವ ಕೆಲಸ ಬೇಗ ಬರುತ್ತದೋ? ಪೇಟೆಗೆ ಉತ್ತರ ಸಿಗದಿರುವುದು ಇಲ್ಲೇ.

ಉತ್ತರ ಇಲ್ಲದಿದ್ದಾಗ ಪ್ರತಿ ಸುದ್ದಿಯೂ ಸಾಕ್ಷ್ಯದಂತೆ ಕಾಣುತ್ತದೆ. 2025ರ ಜುಲೈ ಕೊನೆಯಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯ ಸುಮಾರು ಶೇ 2ರಷ್ಟು, ಅಂದರೆ 12,000ಕ್ಕೂ ಹೆಚ್ಚು ಮಂದಿಯನ್ನು ಕಡಿತ ಮಾಡುವುದಾಗಿ ತಿಳಿಸಿತು. ಇದಕ್ಕೆ ಎಐ ಕಾರಣವಲ್ಲ, ಕೌಶಲದ ಹೊಂದಾಣಿಕೆಯಾಗದಿರುವುದು ಕಾರಣ ಎಂದು ಕಂಪನಿಯ ಮುಖ್ಯಸ್ಥರೇ ಹೇಳಿದರು. ಆದರೂ ಚರ್ಚೆಯೆಲ್ಲ ಎಐ ಸುತ್ತಲೇ ನಡೆಯಿತು.

ಎಲ್ಲವನ್ನೂ ಎಐ ತಲೆಗೆ ಕಟ್ಟುವುದೂ ಸರಿಯಲ್ಲ. ಅಮೆರಿಕದ ಗ್ರಾಹಕರು ಖರ್ಚಿಗೆ ಕಡಿವಾಣ ಹಾಕಿದ್ದು 2023ರಿಂದಲೇ. 2025ರ ಏಪ್ರಿಲ್‌ನಲ್ಲಿ ಸುಂಕದ ಗೊಂದಲದ ನಡುವೆ ಇನ್ಫೋಸಿಸ್ ಇಡೀ ವರ್ಷದ ಬೆಳವಣಿಗೆ ಶೇ 0ರಿಂದ 3 ಎಂದು ಅಂದಾಜಿಸಿತ್ತು. ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ವೀಸಾ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕದ ಘೋಷಣೆ ಬಂತು. ಇವುಗಳಲ್ಲಿ ಯಾವುದರಿಂದ ಷೇರು ಎಷ್ಟು ಇಳಿಯಿತೆಂದು ಬೇರ್ಪಡಿಸಿ ಹೇಳುವುದು ಕಷ್ಟ.

ಭಯ ನಿಜವಾದದ್ದೂ ಉಂಟು, ಸುಳ್ಳಾದದ್ದೂ ಉಂಟು

ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ 30ರಂದು. ಐದು ತಿಂಗಳ ನಂತರ, 2023ರ ಮೇ ಆರಂಭದಲ್ಲಿ, ವಿದ್ಯಾರ್ಥಿಗಳಿಗೆ ಹೋಮ್‌ವರ್ಕ್ ನೆರವು ಮಾರುವ ಅಮೆರಿಕದ ಚೆಗ್ ಕಂಪನಿ, ಚಾಟ್‌ಜಿಪಿಟಿಯಿಂದ ಹೊಸ ಚಂದಾದಾರರ ಸೇರ್ಪಡೆಗೆ ಹೊಡೆತ ಬೀಳುತ್ತಿದೆ ಎಂದು ಒಪ್ಪಿಕೊಂಡಿತು. ಷೇರು ಒಂದೇ ದಿನ ಸುಮಾರು ಅರ್ಧಕ್ಕೆ ಇಳಿಯಿತು, ಮತ್ತೆ ಆ ಮಟ್ಟಕ್ಕೆ ಏಳಲೇ ಇಲ್ಲ.

ಅದಕ್ಕೆ ವಿರುದ್ಧವಾದ ಉದಾಹರಣೆ 2025ರ ಜನವರಿ 27ರದ್ದು. ಚೀನಾದ ಡೀಪ್‌ಸೀಕ್ ಕಡಿಮೆ ಖರ್ಚಿನಲ್ಲಿ ಎಐ ಮಾದರಿ ತಯಾರಿಸಿದೆ ಎಂಬ ಸುದ್ದಿಗೆ ಚಿಪ್ ತಯಾರಕ ಎನ್ವಿಡಿಯಾದ ಮಾರುಕಟ್ಟೆ ಮೌಲ್ಯ ಒಂದೇ ದಿನ ಸುಮಾರು 59,000 ಕೋಟಿ ಡಾಲರ್ ಕರಗಿತು. ಅದೇ ಕಂಪನಿ ಅಕ್ಟೋಬರ್ ಕೊನೆಗೆ 5 ಲಕ್ಷ ಕೋಟಿ ಡಾಲರ್ ಮೌಲ್ಯ ಮುಟ್ಟಿತು. ಜನವರಿಯಲ್ಲಿ ಗಾಬರಿಯಿಂದ ಮಾರಿದವರು ಕೈಕೈ ಹಿಸುಕಿಕೊಳ್ಳಬೇಕಾಯಿತು.

ಪುಣೆಯ ಹಿಂಜವಡಿ, ಹೈದರಾಬಾದಿನ ಹೈಟೆಕ್ ಸಿಟಿ, ಚೆನ್ನೈನ ಒಎಂಆರ್‌ಗಳಲ್ಲಿ ದುಡಿಯುವ ಐಟಿ ಉದ್ಯೋಗಿಗೆ ಈ ಲೆಕ್ಕ ಇನ್ನೂ ಹತ್ತಿರದ್ದು. ಸಂಬಳ ಇದೇ ಉದ್ಯಮದ್ದು, ಕಂಪನಿ ಕೊಟ್ಟ ಷೇರುಗಳು ಇದೇ ಉದ್ಯಮದವು, ಫ್ಲ್ಯಾಟಿನ ಸಾಲದ ಕಂತು ಇದೇ ಸಂಬಳದ ಭರವಸೆಯ ಮೇಲೆ. ಎಸ್‌ಐಪಿ ಹಾಕಿರುವುದು ನಿಫ್ಟಿ 50 ಇಂಡೆಕ್ಸ್ ಫಂಡಿಗೆ ಎಂದರೂ ಅದರೊಳಗೆ ಇನ್ಫೋಸಿಸ್, ಟಿಸಿಎಸ್ ಇದ್ದೇ ಇರುತ್ತವೆ. ಇದರ ಮೇಲೆ ಪ್ರತ್ಯೇಕವಾಗಿ ಐಟಿ ಫಂಡ್ ಸೇರಿಸಿದರೆ ಮೊಟ್ಟೆಗಳೆಲ್ಲ ಒಂದೇ ಬುಟ್ಟಿಯಲ್ಲಿ. ಕೆಲಸ ಹೋಗುವ ಹೊತ್ತಿಗೇ ಹೂಡಿಕೆಯೂ ಅರ್ಧವಾಗಿರುವ ಅಪಾಯ ಇತರ ಹೂಡಿಕೆದಾರರಿಗಿಂತ ಇವರಿಗೇ ಹೆಚ್ಚು.

ತ್ರೈಮಾಸಿಕ ಫಲಿತಾಂಶ ಬಂದಾಗ ನಿವ್ವಳ ಲಾಭದ ತಲೆಬರಹ ಓದಿ ನಿಲ್ಲಿಸಿದರೆ ಎಐ ಪರಿಣಾಮ ಕಾಣುವುದಿಲ್ಲ. ಹೊಸ ಒಪ್ಪಂದಗಳ ಮೊತ್ತ ಏರುತ್ತಿದ್ದರೂ ವರಮಾನ ನಿಂತಲ್ಲೇ ನಿಂತಿದೆಯೇ? ಹಾಗಿದ್ದರೆ ಹಳೆಯ ಒಪ್ಪಂದಗಳು ಎಲ್ಲೋ ಸೋರುತ್ತಿರಬಹುದು. ಸಿಬ್ಬಂದಿ ಸಂಖ್ಯೆ ಇಳಿದರೂ ವರಮಾನ ಏರಿದೆಯೇ? ಹಾಗಿದ್ದರೆ ಕಂಪನಿ ತಲೆ ಎಣಿಸಿ ಬಿಲ್ ಮಾಡುವ ಪದ್ಧತಿಯಿಂದ ಹೊರಬರುತ್ತಿರುವ ಸೂಚನೆ. ಒಂದು ತ್ರೈಮಾಸಿಕದ ಅಂಕಿ ಇದಕ್ಕೆ ಸಾಲದು, ನಾಲ್ಕೈದನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ ತಿಂಗಳ ಎರಡನೇ ವಾರದ ಹೊತ್ತಿಗೆ ಸಾಮಾನ್ಯವಾಗಿ ಟಿಸಿಎಸ್‌ನಿಂದಲೇ ಈ ಸರಣಿ ಶುರುವಾಗುತ್ತದೆ.