ಗಾಳಿಮೊಗ, ಗಾಳಿಮರೆ

ಕಡಲನ್ನು ಕಾಣದ ಸೇಡಂ, ಚಿತ್ತಾಪುರ, ಚಿಂಚೋಳಿಗಳ ಸೀಮೆಯಲ್ಲಿ ನಾವಿಕರ ಮಾತೊಂದನ್ನು ಅರಸಹೊರಟಿರುವೆವೆಂದರೆ ಕೇಳುಗರು ನಕ್ಕಾರು. ಆದರೂ ಕೇಳಬೇಕು.

ಹಡಗಿನ ಮೇಲೆ ನಿಂತವನಿಗೆ ಮೂಡಣ ಪಡುವಣಗಳಿಗಿಂತ ಮೊದಲು ತಿಳಿಯಬೇಕಾದುದು ಗಾಳಿ ಬರುವ ಮಗ್ಗುಲು ಯಾವುದು, ಅದು ಸಾಗಿಹೋಗುವ ಮಗ್ಗುಲು ಯಾವುದು ಎಂಬುದು. ಮೊದಲನೆಯದನ್ನು ಗಾಳಿಮೊಗವೆಂದೂ ಎರಡನೆಯದನ್ನು ಗಾಳಿಮರೆಯೆಂದೂ ಕರೆಯೋಣ. ಗಾಳಿ ತಿರುಗಿದರೆ ಇವೂ ತಿರುಗುವುವು. ದಡವು ಹಡಗಿನ ಗಾಳಿಮರೆಯ ಕಡೆಗೆ ಬಿದ್ದರೆ ಗಂಡಾಂತರ. ಗಾಳಿಯು ನಾವೆಯನ್ನು ಬಂಡೆಗಳತ್ತ ನೂಕುವುದು. ನೈಋತ್ಯದ ಗಾಳಿ ಬಿರುಸಾದ ತಿಂಗಳುಗಳಲ್ಲಿ ಹಾಯಿಹಡಗುಗಳು ನಮ್ಮ ಪಡುವಣ ಕರಾವಳಿಗೆ ಅಂಜುತ್ತಿದ್ದುದು ಇದರಿಂದಲೇ.

ಋತುವಿಗೊಮ್ಮೆ ದಿಕ್ಕು ಬದಲಿಸುವ ಈ ಗಾಳಿಯ ಕಾಲಕ್ಕೆ ಅರಬರು ‘ಮೌಸಿಮ್’ ಎಂದರು. ಗೊತ್ತಾದ ಕಾಲವೆಂದು ಅದರ ಅರ್ಥ. ಪೋರ್ತುಗೀಸರ ಬಾಯಲ್ಲಿ ಹಾದು ಅದೇ ಮಾನ್ಸೂನ್ ಆಯಿತು. ಆ ಗಾಳಿಯನ್ನು ನಂಬಿ ಬಂದ ಅರಬ ವರ್ತಕರು ‘ಬಲ್ಹರಾ’ ಎಂಬ ದೊರೆಯನ್ನು ಲೋಕದ ನಾಲ್ವರು ಹಿರಿಯ ಅರಸರಲ್ಲಿ ಒಬ್ಬನೆಂದು ಎಣಿಸಿದರು. ಸುಲೈಮಾನನ ಹೆಸರಿನಲ್ಲಿರುವ 851ರ ವೃತ್ತಾಂತದಲ್ಲಿ ಈ ಮಾತಿದೆ. ಬಲ್ಹರಾ ಎಂದರೆ ವಲ್ಲಭರಾಜ. ಆಗ ಆಳುತ್ತಿದ್ದವನು ರಾಷ್ಟ್ರಕೂಟ ಅಮೋಘವರ್ಷ. ಹತ್ತನೆಯ ಶತಮಾನದ ಮಸೂದಿಯು ಹೆಸರಿಸುವ ರಾಜಧಾನಿ ‘ಮಾನ್ಕೀರ್’, ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ದಂಡೆಯ ಮಳಖೇಡವೇ. ಇಂದು ಅಲ್ಲಿ ಕೋಟೆಯ ಗೋಡೆಗಳನ್ನು ನೋಡುವವನಿಗೆ ಕಡಲ ನೆನಪು ಬಾರದು. ನಮಗೆ ಮಾತ್ರ ಬರುತ್ತದೆ.

ಭೂಗೋಳಜ್ಞರು ನಾವಿಕರ ಆ ಜೋಡಿಮಾತುಗಳನ್ನು ಬೆಟ್ಟಗಳಿಗೂ ಒಯ್ದರು. ಸಹ್ಯಾದ್ರಿಯ ಗಾಳಿಮೊಗದ ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರು ಮಳೆ. ಗಾಳಿಮರೆಯ ಕಲಬುರಗಿ ಸೀಮೆಗೆ ಅದರ ಹತ್ತರಲ್ಲೊಂದು ಪಾಲಿನಷ್ಟು. ಏರಿದ ಗಾಳಿ ತಣಿದು ನೀರು ಸುರಿಸುವುದು, ಇಳಿದ ಗಾಳಿ ಕಾದು ಒಣಗುವುದು. ವಾಡಿ, ಶಹಾಬಾದುಗಳ ಹಾಸುಗಲ್ಲಿನ ನೆಲವೂ, ಚಿತ್ತಾಪುರದ ಕರಿಯ ಎರೆಯೂ ಈ ಲೆಕ್ಕದಲ್ಲಿ ಒಂದೇ. ಆಳಕ್ಕೆ ಬೇರಿಳಿಸಿ ತೇವ ಹುಡುಕುವ ತೊಗರಿಯನ್ನು ಇಲ್ಲಿಯ ಒಕ್ಕಲಿಗನು ನೆಚ್ಚಿದುದು ಜಾಣತನವೆಂದೇ ನಮ್ಮ ಎಣಿಕೆ.

ಆದರೆ ಗಾಳಿಮರೆಯೆಂಬುದು ಇಲ್ಲಿ ಶಾಶ್ವತವಲ್ಲ. ಭಾದ್ರಪದದ ಹೊತ್ತಿಗೆ ಬಂಗಾಳ ಕೊಲ್ಲಿಯಲ್ಲಿ ಹುಟ್ಟಿದ ವಾಯುಭಾರ ಕುಸಿತಗಳು ಮೂಡಣದಿಂದ ಬಂದಾಗ, ಸಹ್ಯಾದ್ರಿಯು ಅಡ್ಡ ನಿಲ್ಲಲಾರದು; ಸೆಪ್ಟೆಂಬರಿನಲ್ಲಿ ಕಾಗಿಣಾ ತುಂಬಿ ಹರಿಯುವುದು ಎಷ್ಟೋ ಸಲ ಈ ಮಳೆಯಿಂದಲೇ.