ವಿಜಾಪುರಕ್ಕೆ ಬಂದ ಹಾರ್ಲೆಮ್ಮಿನ ಚಿತ್ರಕಾರ

ಭೀಮಾ ನದಿಯ ದಂಡೆಯ ಮೇಲಿರುವ ದೇವಣಗಾಂವ ನನ್ನ ಹುಟ್ಟೂರು. ಸಿಂದಗಿಯ ಸೀಮೆಯ ನಮ್ಮಂಥ ಹುಡುಗರಿಗೆ ವಿಜಾಪುರವೆಂದರೆ ಗೋಲಗುಮ್ಮಟ. ಊರಿಗೆ ಈಗ ವಿಜಯಪುರವೆಂಬ ಅಧಿಕೃತ ನಾಮವಿದೆ. ಹಳೆಯ ಕಾಲದ ಮಾತನ್ನಾಡುವಾಗ ಹಳೆಯ ಹೆಸರೇ ನಾಲಿಗೆಗೆ ಒಗ್ಗುತ್ತದೆ, ಕೇಳುವವರು ಮನ್ನಿಸಬೇಕು. ನಮ್ಮ ತಂದೆಯವರಿಗೆ ಮಾತ್ರ ಗುಮ್ಮಟಕ್ಕಿಂತ ಆಸಾರ ಮಹಲಿನ ಮೇಲೆ ಹೆಚ್ಚಿನ ಒಲವು. ಆ ಮಹಲಿನ ಮೇಲಂತಸ್ತಿನ ಗೋಡೆಗಳ ಮೇಲೆ ಹೂದಾನಿಗಳ, ಬಳ್ಳಿಗಳ ಚಿತ್ರಗಳಿವೆ. ಒಂದು ಕೋಣೆಯಲ್ಲಿ ಮನುಷ್ಯಾಕೃತಿಗಳೂ ಇದ್ದು, ಅವುಗಳ ಮುಖಗಳು ಕೆಟ್ಟುಹೋಗಿವೆ. "ಇವನ್ನ ಇಟಲಿ ದೇಶದ ಚಿತ್ರಗಾರರು ಬರದಾರ, ತಮ್ಮಾ" ಎಂದು ತಂದೆಯವರು ಹೇಳುತ್ತಿದ್ದರು. ಅದು ಅವರೊಬ್ಬರ ಮಾತಲ್ಲ. ವಿಜಾಪುರದಲ್ಲಿ ಬಹುಕಾಲದಿಂದ ಬಳಕೆಯಲ್ಲಿದ್ದು, ಹಳೆಯ ಪುಸ್ತಕಗಳಲ್ಲಿಯೂ ಸೇರಿಕೊಂಡ ಪ್ರತೀತಿ.

ಇಟಲಿಯ ಚಿತ್ರಕಾರನೊಬ್ಬ ನಮ್ಮ ಬಿಸಿಲ ನಾಡಿಗೆ ಬಂದು ಬಣ್ಣ ಅರೆದನೇ? ಬಂದವನ ಹೆಸರೇನು? ಚಿಕ್ಕಂದಿನಲ್ಲಿ ಮನಸ್ಸನ್ನು ಹೊಕ್ಕ ಈ ಪ್ರಶ್ನೆ ದೊಡ್ಡವನಾದ ಮೇಲೂ ಬಿಡಲಿಲ್ಲ. ಅದರ ಬೆನ್ನು ಹತ್ತಿ ಹೋದಾಗ ಕಾಗದಪತ್ರಗಳಲ್ಲಿ ಇಟಲಿಯವನ ಬದಲಿಗೆ ಇನ್ನೊಬ್ಬ ಕಾಣಿಸಿಕೊಂಡ. ಅವನು ಹಾಲಂಡ್ ದೇಶದ ಹಾರ್ಲೆಮ್ ಪಟ್ಟಣದವನು. ಹೆಸರು ಕಾರ್ನೆಲಿಸ್ ಕ್ಲಾಸ್ ಹೇಡಾ. ಕನ್ನಡದ ಕಿವಿಗೆ ಆ ಅಡ್ಡಹೆಸರು 'ಹೇಡಿ'ಯಂತೆ ಕೇಳೀತು. ಅರ್ಧ ಭೂಮಿಯನ್ನು ಸುತ್ತಿ ವಿಜಾಪುರಕ್ಕೆ ಬಂದು, ಇಲ್ಲಿಯೇ ಬದುಕಿ, ಸುಮಾರು 1622ರಲ್ಲಿ ಇಲ್ಲಿಯೇ ಮಣ್ಣಾದವನಿಗೆ ಆ ಮಾತು ಮಾತ್ರ ಸಲ್ಲದು.

ಆಸಾರ ಮಹಲಿನ ಕರ್ತೃತ್ವವನ್ನು ಇವನಿಗೆ ಕಟ್ಟುವಂತಿಲ್ಲ. ಆ ಕಟ್ಟಡವು ಮಹಮದ ಆದಿಲಶಹನ ಕಾಲದ್ದು, ಸುಮಾರು 1646ರದು. ಹೇಡಾ ತೀರಿ ಹೋದ ಮೇಲೆ ಎರಡು ದಶಕಗಳಿಗಿಂತ ಹೆಚ್ಚು ಕಾಲ ಸಂದಿತ್ತು. ಅವನು ಸೇವೆ ಮಾಡಿದ್ದು ಮಹಮದನ ತಂದೆಯಾದ ಇಮ್ಮಡಿ ಇಬ್ರಾಹಿಮ ಆದಿಲಶಹನಲ್ಲಿ. ಆದರೂ ಯೂರೋಪಿನ ಕುಂಚವೊಂದು ಇಲ್ಲಿ ಆಡಿತ್ತೆಂಬ ಜನರ ನೆನಪಿನ ಅಡಿಯಲ್ಲಿ ಸತ್ಯದ ಒಂದು ಎಳೆ ಉಂಟೆಂದು ಹೇಳಲು ಹೇಡಾನ ಜೀವನ ಸಾಕು.

ಹಾರ್ಲೆಮ್ ಆಗ ಚಿತ್ರಕಾರರ ಊರು. ಅಲ್ಲಿಯ ಪ್ರಸಿದ್ಧ ಕಲಾವಿದ ಕಾರ್ನೆಲಿಸ್ ವಾನ್ ಹಾರ್ಲೆಮ್‌ನ ಬಳಿ ಹೇಡಾ ಶಿಷ್ಯವೃತ್ತಿ ಮಾಡಿದ. ಬೆಳ್ಳಿಯ ಬಟ್ಟಲು, ಅರ್ಧ ಸುಲಿದ ನಿಂಬೆಹಣ್ಣು, ಗಾಜಿನ ಪಾತ್ರೆಗಳ ಸ್ಥಿರಚಿತ್ರಗಳಿಂದ ಮುಂದೆ ಜಗತ್ಪ್ರಸಿದ್ಧನಾದ ವಿಲೆಮ್ ಕ್ಲಾಸ್ ಹೇಡಾ ಇವನ ಬಂಧುವರ್ಗದವನೇ. ಅವನ ಕೃತಿಗಳನ್ನು ಇಂದು ಯೂರೋಪಿನ ದೊಡ್ಡ ದೊಡ್ಡ ಸಂಗ್ರಹಾಲಯಗಳಲ್ಲಿ ಕಾಣಬಹುದು. ನಮ್ಮ ಹೇಡಾನ ಹಣೆಬರಹ ಬೇರೆಯಾಗಿತ್ತು.

ಅವನು ಊರು ಬಿಟ್ಟು ಮೊದಲು ಸೇರಿದ್ದು ಪ್ರಾಗ್ ನಗರವನ್ನು. ಅಲ್ಲಿ ಚಕ್ರವರ್ತಿ ಇಮ್ಮಡಿ ರುಡಾಲ್ಫ್ ಚಿತ್ರಕಾರರನ್ನೂ ಶಿಲ್ಪಿಗಳನ್ನೂ ಜ್ಯೋತಿಷಿಗಳನ್ನೂ ದೇಶದೇಶಗಳಿಂದ ಕರೆತಂದು ಆಶ್ರಯ ಕೊಟ್ಟಿದ್ದ. ಆ ಆಸ್ಥಾನದ ಕೀರ್ತಿಯನ್ನು ಬೆಳೆಸಿದವರಲ್ಲಿ ಮೀಲಾನಿನ ಜೂಸೆಪ್ಪೆ ಆರ್ಚಿಂಬೋಲ್ಡೊ ಒಬ್ಬ. ನಮ್ಮ ತಂದೆಯವರು ಹೇಳುತ್ತಿದ್ದ ಇಟಲಿಯ ಚಿತ್ರಗಾರ ಕಥೆಯೊಳಗೆ ಬರುವುದು ಇಲ್ಲಿ. 1562ರಲ್ಲಿ ರಾಜಮನೆತನದ ಭಾವಚಿತ್ರಕಾರನಾಗಿ ಬಂದ ಅವನು ಮೂವರು ಚಕ್ರವರ್ತಿಗಳನ್ನು ಕಂಡ. 1587ರಲ್ಲಿ ಅಪ್ಪಣೆ ಪಡೆದು ಊರಿಗೆ ಮರಳಿದ ಮೇಲೆ, ಅಲ್ಲಿಂದಲೇ ರುಡಾಲ್ಫನ ಒಂದು ವಿಚಿತ್ರ ಭಾವಚಿತ್ರವನ್ನು ಬರೆದು ಕಳಿಸಿದ. ಅದರಲ್ಲಿ ಚಕ್ರವರ್ತಿಗೆ ಪಿಯರ್ ಹಣ್ಣಿನ ಮೂಗು, ಹಣ್ಣುಗಳೇ ಕೆನ್ನೆ, ದ್ರಾಕ್ಷಿ, ತೆನೆಗಳೇ ತಲೆಗೂದಲು. ಋತುಗಳ ಅಧಿದೇವತೆಯಾದ ರೋಮನರ ವರ್ಟುಮ್ನಸ್‌ನ ರೂಪದಲ್ಲಿ ಅರಸನನ್ನು ಕಂಡ ಬಗೆ ಇದು. ಬಾದಾಮಿಯ ಬನಶಂಕರಿಗೆ ಪಲ್ಲೇದ ಹಬ್ಬದಲ್ಲಿ ಕಾಯಿಪಲ್ಲೆಗಳ ನೈವೇದ್ಯವಾಗುವುದನ್ನು ಕಂಡ ನಮ್ಮವರಿಗೆ ಈ ಕಲ್ಪನೆ ತೀರ ಪರಕೀಯವೆನಿಸದು. ರುಡಾಲ್ಫನೂ ಅದಕ್ಕೆ ಸಿಟ್ಟಾಗಲಿಲ್ಲ, ಬಹಳವಾಗಿ ಮೆಚ್ಚಿದ. ಆರ್ಚಿಂಬೋಲ್ಡೊ 1593ರಲ್ಲಿ ತೀರಿಕೊಂಡ. ಭಾವಚಿತ್ರದಲ್ಲಿ ಅರಸನ ಮುಖವೂ ಇರಬಹುದು, ಅವನ ಕನಸೂ ಇರಬಹುದು ಎಂಬ ಧೈರ್ಯವಿದ್ದ ಇಂಥ ಆಸ್ಥಾನದ ಗಾಳಿಯನ್ನು ಹೇಡಾ ಉಸಿರಾಡಿದ್ದ.

ಆ ಕಾಲಕ್ಕೆ ಪರ್ಷಿಯದ ಷಾ ಅಬ್ಬಾಸನಿಗೂ ರುಡಾಲ್ಫನಿಗೂ ತುರ್ಕರು ಸಮಾನ ವೈರಿಗಳು. ಹೀಗಾಗಿ ಇಬ್ಬರ ನಡುವೆ ರಾಯಭಾರಿಗಳು ಓಡಾಡುತ್ತಿದ್ದರು. ಹೇಡಾ ಷಾ ಅಬ್ಬಾಸನ ಆಸ್ಥಾನಕ್ಕೆಂದು ಹೊರಟ. ಹೊರಟದ್ದು ಪರ್ಷಿಯಕ್ಕೆ, ಬಂದು ಮುಟ್ಟಿದ್ದು ಗೋವೆಯನ್ನು. ಗೋವೆ ಪೋರ್ತುಗೀಜರದು; ಪೋರ್ತುಗಾಲ ಆಗ ಸ್ಪೇನಿನ ದೊರೆಯ ಕೈಕೆಳಗಿತ್ತು; ಆ ದೊರೆಗೂ ಡಚ್ಚರಿಗೂ ಯುದ್ಧ ನಡೆದಿತ್ತು. ಇಂಥ ಕಡೆಯಲ್ಲಿ ಹಾರ್ಲೆಮ್ಮಿನವನಿಗೆ ನೆಮ್ಮದಿ ಎಲ್ಲಿಯದು? ಅವನ ಪ್ರಯಾಣ ಅಲ್ಲಿಯೇ ಕಡಿದುಬಿತ್ತು. ಪರ್ಷಿಯದ ದಾರಿಯನ್ನು ಬಿಟ್ಟು ಅವನು ಘಟ್ಟವನ್ನೇರಿದ. 1610ರ ವೇಳೆಗೆ ವಿಜಾಪುರದಲ್ಲಿ ನೆಲೆ ನಿಂತಿದ್ದ.

ಅವನ ಕಣ್ಣಿಗೆ ಬಿದ್ದ ವಿಜಾಪುರ ಎಂಥದು? ಒಂಬತ್ತು ವರ್ಷದ ಹುಡುಗನಾಗಿ 1580ರಲ್ಲಿ ಪಟ್ಟಕ್ಕೆ ಬಂದು, ಚಾಂದಬೀಬಿಯ ನೆರಳಿನಲ್ಲಿ ಬೆಳೆದ ಇಬ್ರಾಹಿಮ ಆಗ ನಡುವಯಸ್ಸಿನ ರಸಿಕ. ಅವನು ದಖನಿ ಭಾಷೆಯಲ್ಲಿ ಕಟ್ಟಿದ ಹಾಡುಗಳ ಪುಸ್ತಕ 'ಕಿತಾಬೆ ನವರಸ'. ಅದರಲ್ಲಿ ಸರಸ್ವತಿಗೂ ಗಣಪತಿಗೂ ವಂದನೆಗಳಿವೆ. ತನ್ನ ತಂಬೂರಿಗೆ ಅವನು ಮೋತಿಖಾನ್ ಎಂದು ಹೆಸರಿಟ್ಟಿದ್ದ. ಆನೆಗೆ ಆತಷ್‌ಖಾನ್ ಎಂದು. ಜನ ಅವನನ್ನು ಜಗದ್ಗುರುವೆಂದು ಕರೆದರು. 1603ರ ಸುಮಾರಿಗೆ ಅಕ್ಬರನ ದೂತನಾಗಿ ಬಂದ ಅಸದ್ ಬೇಗನು ಇಲ್ಲಿಯ ಪೇಟೆಯನ್ನು ಕಂಡು ಬೆರಗಾಗಿ ವರ್ಣಿಸಿದ್ದಾನೆ. ತಂಬಾಕನ್ನು ಮೊದಲು ಕಂಡು ಅಕ್ಬರನಿಗೆ ಒಯ್ದು ತೋರಿಸಿದ್ದೂ ಇಲ್ಲಿಂದಲೇ. ಊರಿನ ಪಶ್ಚಿಮಕ್ಕೆ, ತೊರವಿಯ ಬಳಿ, 1599ರಲ್ಲಿ ಇಬ್ರಾಹಿಮ ಹೊಸ ನಗರಕ್ಕೆ ಕೈಹಚ್ಚಿದ್ದ. ಅದರ ಹೆಸರೂ ನವರಸಪುರವೇ. ಆ ನಗರವನ್ನು ಕಣ್ಣಾರೆ ಕಂಡು ಪತ್ರದಲ್ಲಿ ಬರೆದಿಟ್ಟವರಲ್ಲಿ ಹೇಡಾ ಒಬ್ಬ. ಮಚಲೀಪಟ್ಟಣದಲ್ಲಿದ್ದ ಡಚ್ ಕಂಪನಿಯವರಿಗೆ ಅವನು ಬರೆದ ಪತ್ರಗಳಿಂದಲೇ ನಾವು ಅವನನ್ನು ಅರಿತಿದ್ದೇವೆ.

ಆ ಪತ್ರಗಳಲ್ಲಿ ಅವನ ಒಂದು ಚಿತ್ರದ ಸುದ್ದಿ ಬರುತ್ತದೆ. ಪ್ರೇಮದೇವತೆ ವೀನಸ್, ಮಧುದೇವತೆ ಬ್ಯಾಕಸ್—ಇವರನ್ನು ಬರೆದು ಅವನು ಅರಸನಿಗೆ ಒಪ್ಪಿಸಿದ, ಅರಸ ಮೆಚ್ಚಿದ. ನವರಸವೆಂಬ ಮಾತನ್ನೇ ತನ್ನ ರಾಜ್ಯದ ಮುದ್ರೆ ಮಾಡಿಕೊಂಡ ದೊರೆಗೆ ಶೃಂಗಾರ ಮತ್ತು ಮದಿರೆಯ ದೇವತೆಗಳು! ಕಾಣಿಕೆ ಕೊಡುವವನಿಗೆ ಕೊಳ್ಳುವವನ ಮನಸ್ಸು ತಿಳಿದಿತ್ತೆನ್ನಬೇಕು.

ಆದರೆ ಹೇಡಾ ಬರಿಯ ಬಯಲಿಗೆ ಬಂದು ನಿಂತವನಲ್ಲ. ವಿಜಾಪುರದಲ್ಲಿ ಭಾವಚಿತ್ರದ ಕಲೆ ಅದಾಗಲೇ ಪಕ್ವವಾಗಿತ್ತು. ಆಸ್ಥಾನಕವಿ ಜಹೂರಿ ಹೊಗಳಿದ ಫರ್ರುಖ್ ಹುಸೇನನೆಂಬ ಚಿತ್ರಕಾರ ಇಲ್ಲಿದ್ದ. ಅಕ್ಬರನ ಬಳಿಯಿದ್ದ ಫರ್ರುಖ್ ಬೇಗನೂ ಇವನೂ ಒಬ್ಬನೇ ಎಂದು ರಾಬರ್ಟ್ ಸ್ಕೆಲ್ಟನ್ ಎಂಬ ವಿದ್ವಾಂಸರು 1957ರಲ್ಲಿ ವಾದ ಹೂಡಿದರು. ಬಹುಮಂದಿ ಅದನ್ನು ಒಪ್ಪಿದ್ದಾರೆ. 1609ರಲ್ಲಿ ಫರ್ರುಖ್ ಬೇಗನಿಗೆ 2000 ರೂಪಾಯಿ ಕೊಟ್ಟುದನ್ನು ಜಹಾಂಗೀರ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಅಂದರೆ ಒಬ್ಬನು ಉತ್ತರಕ್ಕೆ ತೆರಳಿದ ಸುಮಾರಿಗೆ ಇನ್ನೊಬ್ಬನು ಪಶ್ಚಿಮದಿಂದ ಬಂದ.

ಇಬ್ಬರ ವಿದ್ಯೆಗಳೂ ಬೇರೆ. ಹಾರ್ಲೆಮ್ಮಿನವನು ಎಣ್ಣೆಯಲ್ಲಿ ಬಣ್ಣ ಕಲಸಿ, ಪದರದ ಮೇಲೆ ಪದರ ಹಚ್ಚಿ, ಬೆಳಕು ನೆರಳುಗಳಿಂದ ಕೆನ್ನೆಯ ಉಬ್ಬನ್ನು ತೋರಿಸಬಲ್ಲವನು. ವಿಜಾಪುರದವನು ಕಲ್ಲು, ಲೋಹಗಳ ಬಣ್ಣವನ್ನು ನೀರಿನಲ್ಲಿ ಅರೆದು, ಅಂಗೈಯಗಲದ ಕಾಗದದ ಮೇಲೆ ಹಚ್ಚಿ, ನಯವಾದ ಕಲ್ಲಿನಿಂದ ಉಜ್ಜಿ, ಬಂಗಾರದ ಹೊಳಪು ಕೊಡುವವನು. ಒಬ್ಬನದು ಗೋಡೆಗೆ ತೂಗಿ ದೂರದಿಂದ ನೋಡುವ ಚಿತ್ರ. ಮತ್ತೊಬ್ಬನದು ಮಡಿಲಲ್ಲಿಟ್ಟುಕೊಂಡು ಪುಸ್ತಕದಂತೆ ಓದುವ ಚಿತ್ರ. ಇಬ್ರಾಹಿಮನಿಗೆ ಎರಡೂ ಬೇಕಾಗಿದ್ದವು. ಈ ಬೇಕೆಂಬ ಮನಸ್ಸೇ ಆ ಕಾಲದ ವಿಜಾಪುರದ ದೊಡ್ಡತನವೆಂದು ನಾನು ತಿಳಿದಿದ್ದೇನೆ. ದಾರಿತಪ್ಪಿ ಬಂದ ಪರದೇಶಿಯೊಬ್ಬ ಹನ್ನೆರಡು ವರ್ಷಗಳಷ್ಟು ಕಾಲ ಇಲ್ಲಿ ಬಾಳಿದ್ದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಅವನು ಕಣ್ಮುಚ್ಚಿದ ಸ್ವಲ್ಪ ಕಾಲಕ್ಕೆ, 1624ರಲ್ಲಿ, ಅಹಮದನಗರದ ಮಲಿಕ್ ಅಂಬರ ದಂಡೆತ್ತಿ ಬಂದು ನವರಸಪುರವನ್ನು ಹಾಳುಗೆಡವಿದ. ಇಂದು ತೊರವಿಯ ಕಡೆಗೆ ಹೋದರೆ ಹರಕುಗೋಡೆಗಳು, ಸಂಗೀತ ಮಹಲಿನ ಅವಶೇಷ, ಸುತ್ತಲೂ ಹೊಲಗಳು. ಹೇಡಾನ ಕೈಯದೆಂದು ಖಚಿತವಾಗಿ ತೋರಿಸಬಲ್ಲ ಒಂದೇ ಒಂದು ಚಿತ್ರವೂ ಇಂದು ಲೋಕದಲ್ಲಿ ಉಳಿದಿಲ್ಲ. ಜೀವಮಾನವೆಲ್ಲ ರೂಪಗಳನ್ನು ಬರೆದವನು ನಮಗೆ ಕೇವಲ ಅಕ್ಷರಗಳಲ್ಲಿ ಸಿಕ್ಕುತ್ತಾನೆ.

ಚಿತ್ರಗಳ ಪ್ರಾರಬ್ಧವೂ ಮನುಷ್ಯರದರಂತೆಯೇ. 1648ರಲ್ಲಿ ಸ್ವೀಡನ್ನಿನ ಸೈನ್ಯ ಪ್ರಾಗಿನ ಅರಮನೆಯನ್ನು ಲೂಟಿ ಮಾಡಿತು; ಆರ್ಚಿಂಬೋಲ್ಡೊ ಬರೆದ ಹಣ್ಣುಗಳ ಚಕ್ರವರ್ತಿ ಇಂದಿಗೂ ಸ್ವೀಡನ್ನಿನ ಕೋಟೆಮನೆಯೊಂದರಲ್ಲಿದ್ದಾನೆ. 1686ರಲ್ಲಿ ವಿಜಾಪುರ ಔರಂಗಜೇಬನ ವಶವಾಯಿತು. ಗೋಡೆಯ ಮೇಲಿನ ಮುಖಗಳನ್ನು ಕೆರೆಸಿದವನು ಅವನೇ ಎಂಬ ಮಾತಿದೆ. ಇಬ್ರಾಹಿಮನ ಭಾವಚಿತ್ರಗಳು ದಿಕ್ಕುದಿಕ್ಕಿಗೆ ಚದುರಿ ಬಿಕಾನೇರಿಗೆ, ಲಂಡನ್ನಿಗೆ, ಸೇಂಟ್ ಪೀಟರ್ಸ್‌ಬರ್ಗಿಗೆ ಸೇರಿದವು. ಆಸಾರ ಮಹಲಿನ ಗ್ರಂಥಭಂಡಾರವೂ 1853ರಲ್ಲಿ ಲಂಡನ್ನಿಗೆ ಹೋಯಿತು. ಇನ್ನೊಂದು ಚಿತ್ರದ ಸಂಗತಿಯನ್ನು ತಿಳಿದಾಗ ನಾನು ಪುಸ್ತಕವನ್ನು ಮಡಿಚಿಟ್ಟು ಸುಮ್ಮನೆ ಕುಳಿತೆ. ಇಬ್ರಾಹಿಮನು ತಂಬೂರಿ ನುಡಿಸುತ್ತಿರುವ ಫರ್ರುಖನ ಚಿತ್ರವೊಂದಿದೆ. ಜಹಾಂಗೀರನ ಲಿಪಿಕಾರ ಅದಕ್ಕೆ ಒಕ್ಕಣೆ ಬರೆದಿದ್ದಾನೆ. ಅದು ಕೈಯಿಂದ ಕೈಗೆ ದಾಟಿ ಇಂದು ಇರುವುದು ನಾಪ್ರ್‌ಸ್ಟೆಕ್ ಎಂಬ ವಸ್ತುಸಂಗ್ರಹಾಲಯದಲ್ಲಿ. ಆ ಸಂಗ್ರಹಾಲಯವಿರುವುದು ಪ್ರಾಗ್ ನಗರದಲ್ಲಿ. ಪ್ರಾಗಿನಿಂದ ಹೊರಟ ಚಿತ್ರಕಾರ ವಿಜಾಪುರದ ಮಣ್ಣು ಸೇರಿದ. ಅವನ ಒಡೆಯನ ಮುಖ ಪ್ರಾಗನ್ನು ಸೇರಿತು.

ಇಷ್ಟು ಹೇಳಿದ ಮೇಲೆ ಸ್ವಂತದ ಮಾತೊಂದನ್ನು ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ನನ್ನ ಆಯಿಯ, ಎಂದರೆ ತಂದೆಯವರ ತಾಯಿಯ, ಒಂದು ಭಾವಚಿತ್ರವೂ ಇಲ್ಲ. ಅತ್ತೆಯ ಮದುವೆಗೆ ಸಿಂದಗಿಯಿಂದ ಫೋಟೋ ತೆಗೆಯುವವನನ್ನು ಕರೆಸಿದ್ದರು. ಆಯಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡು, "ನನ್ನ ಮಾರಿ ಯಾರಿಗೆ ಬೇಕಾಗೇದೋ ತಮ್ಮಾ?" ಎಂದು ಅಡಿಗೆಮನೆಗೆ ಹೋದಳು. ಅಂದು ನಕ್ಕವರಲ್ಲಿ ನಾನೂ ಒಬ್ಬ. ಇಂದು ನನ್ನ ಮೊಮ್ಮಕ್ಕಳು "ಆಕೆ ಹೇಗಿದ್ದಳು?" ಎಂದು ಕೇಳಿದರೆ, ಹಣೆಯ ಹಚ್ಚೆಬೊಟ್ಟು, ಬಲಗೆನ್ನೆಯ ಮಚ್ಚೆ ಎಂದು ಮಾತಿನಲ್ಲಿ ಬಿಡಿಸಲು ಹೋಗಿ ಸೋಲುತ್ತೇನೆ. ಹೇಡಾನ ಪತ್ರಗಳನ್ನು ಕುರಿತು ಓದುವಾಗ ನನಗೆ ಆಗುವುದೂ ಇದೇ ಸಂಕಟ.

ಸಿಂದಗಿಯಿಂದ ವಿಜಾಪುರಕ್ಕೆ ಹೋಗುವ ದಾರಿಯಲ್ಲಿ ಕುಮಟಗಿ ಇದೆ. ಕೆರೆಯ ಬಳಿ ಆದಿಲಶಾಹಿ ಕಾಲದ ಜಲಮಹಲುಗಳು. ಅವುಗಳ ಗೋಡೆಯ ಮೇಲೆ ಕುಸ್ತಿಯವರು, ಕುದುರೆಯ ಮೇಲೆ ಚೆಂಡಾಡುವವರು, ವಾದ್ಯ ನುಡಿಸುವವರು, ಮತ್ತು ಯೂರೋಪಿನ ಉಡುಪು ತೊಟ್ಟ ಕೆಲವರು. 1916ರ ತಮ್ಮ ಗ್ರಂಥದಲ್ಲಿ ಹೆನ್ರಿ ಕಸಿನ್ಸರು ಇವುಗಳನ್ನು ವರ್ಣಿಸಿದಾಗ ಎಷ್ಟೋ ಸ್ಪಷ್ಟವಾಗಿದ್ದವು. ತಂದೆಯವರೊಡನೆ ನಾನು ಮೊದಲು ಹೋದಾಗ ಟೊಪ್ಪಿಗೆಯವನ ಆಕಾರವಾದರೂ ಕಾಣುತ್ತಿತ್ತು. ಮತ್ತೆ ಹೋದಾಗ ಅದರ ಮೇಲೆ ಯಾರೋ ಮೊಳೆಯಿಂದ ತಮ್ಮ ಹೆಸರನ್ನೂ ತಾವು ಒಲಿದವರ ಹೆಸರನ್ನೂ ಕೊರೆದಿದ್ದರು. ಈ ಸಲ ಅದನ್ನು ಕೆರೆದದ್ದು ಯಾವ ದಂಡೂ ಅಲ್ಲ. ನಮ್ಮ ಸುತ್ತಲಿನ ಊರುಗಳ ಹುಡುಗರೇ.

ಆ ಟೊಪ್ಪಿಗೆಯವನು ಹೇಡಾ ಎಂದು ನಾನು ಹೇಳುವುದಿಲ್ಲ. ಇತಿಹಾಸದಲ್ಲಿ ಆಸೆಗೆ ಎಡೆಯಿಲ್ಲ. ಆದರೆ ಅವನಂಥ ಪರದೇಶಿಯನ್ನು ನಮ್ಮವನೊಬ್ಬ ನಿಂತು ನೋಡಿ, ಅವನ ಮುಖ ಉಳಿಯಲೆಂದು ಬಣ್ಣ ಅರೆದಿದ್ದ. ಈಗಲೂ ಅಲ್ಲಿಗೆ ಹೋದವನು ಗೋಡೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಟೊಪ್ಪಿಗೆಯ ಅಂಚನ್ನು ಹುಡುಕುತ್ತ, ಆಯಿ ಕೇಳಿದ ಪ್ರಶ್ನೆಗೆ ತಡವಾಗಿ ಉತ್ತರ ಹೇಳಿಕೊಳ್ಳುತ್ತೇನೆ: ಬೇಕಾಗಿತ್ತು ಆಯಿ, ನಮಗೇ ಬೇಕಾಗಿತ್ತು.