38ಕ್ಕೆ ಮತ್ತೆ ಅಖಾಡಕ್ಕೆ: ಕರಾಟೆನಾ, ಜೂಡೋನಾ, ಕುಸ್ತಿನಾ?

ಈ ವಾರದ ಮಾತಿನ ಬರಹರೂಪ ಇದು. ವಿಡಿಯೋದಲ್ಲಿ ಎರಡು ಕಡೆ ಇಸವಿ ಹೇಳುವಾಗ ತಡವರಿಸಿದ್ದೆ, ಇಲ್ಲಿ ಸರಿಮಾಡಿದ್ದೀನಿ.

ಪುಣೆಯಿಂದ ವೀಕ್ಷಕರೊಬ್ಬರು ಕೇಳಿದ್ದರು: "ಸರ್, ನನಗೀಗ 38. ಕಾಲೇಜಿನಲ್ಲಿ ಬ್ರೌನ್ ಬೆಲ್ಟ್‌ವರೆಗೂ ಕರಾಟೆ ಕಲಿತಿದ್ದೆ. ಆಮೇಲೆ ಹದಿನೈದು ವರ್ಷ ಲ್ಯಾಪ್‌ಟಾಪ್ ಮುಂದೆ ಕೂತೆ. ಈಗ ಮತ್ತೆ ಶುರು ಮಾಡಬೇಕು. ಕರಾಟೆಗೇ ವಾಪಸ್ ಹೋಗ್ಲಾ, ಜಿಯು-ಜಿತ್ಸು ಕಲೀಲಾ, ಎಂಎಂಎ ಸೇರ್ಲಾ? ಯಾವುದು ಬೆಸ್ಟ್?" ಇತಿಹಾಸದ ಚಾನೆಲ್‌ನಲ್ಲಿ ಇದನ್ನ್ಯಾಕೆ ಕೇಳ್ತಾರೆ ಅಂತ ಮೊದಲು ಅನ್ನಿಸ್ತು. ಆಮೇಲೆ ನನ್ನ ಬಲಭುಜ ನೆನಪಾಯ್ತು.

ಮೂರು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ಇಟ್ಕೊಂಡು ಒಂದು ಜಿಮ್ ಸೇರಿದ್ದೆ. ಹೆಸರು ಬೇಡ. ಎರಡನೇ ವಾರವೇ 22ರ ಹುಡುಗನ ಜೊತೆ ಸ್ಪಾರಿಂಗ್‌ಗೆ ಬಿಟ್ಟರು. ನಾನೂ ಹುಮ್ಮಸ್ಸಿನಲ್ಲಿ ಇಳಿದೆ. ಐದು ತಿಂಗಳು ಫಿಸಿಯೋಥೆರಪಿ ಆಯ್ತು. ಅಷ್ಟೂ ದಿನ ಮಗಳನ್ನ ಎತ್ತಿಕೊಳ್ಳೋಕೆ ಆಗಲಿಲ್ಲ, ಅದೇ ಹೆಚ್ಚು ನೋವು. ತಪ್ಪು ಅವರದ್ದಷ್ಟೇ ಅಂತ ಹೇಳೋದಿಲ್ಲ. ನನ್ನ ಮೈಗೆ 38 ಆಗಿತ್ತು, ತಲೆಯಲ್ಲಿ ಇನ್ನೂ 20.

ಆ ಚಳಿಗಾಲ ಅಮ್ಮನನ್ನ ಕಾಶಿಗೆ ಕರ್ಕೊಂಡು ಹೋಗಿದ್ದೆ. ಅಸ್ಸಿಯಲ್ಲಿ ಉಳಿದಿದ್ವಿ. ಹಳೆಯ ಘಾಟ್‌ಗಳ ಸಾಲಿನ ದಕ್ಷಿಣದ ತುದಿ ಅದು. ಅಸಿ ಅನ್ನೋ ತೊರೆಯಿಂದ ಬಂದ ಹೆಸರು, ಈಗ ಆ ತೊರೆ ಚರಂಡಿಯಾಗಿದೆ. ಅಲ್ಲಿಂದ ನದಿಯ ಗುಂಟ ಉತ್ತರಕ್ಕೆ ನಡೀತಾ ಹೋದ್ರೆ ಹರಿಶ್ಚಂದ್ರ ಘಾಟ್‌ಗೆ ಸ್ವಲ್ಪ ಮೊದಲು ನಮ್ಮ ಕರ್ನಾಟಕ ಘಾಟ್ ಸಿಗುತ್ತೆ, ಮೈಸೂರು ಸಂಸ್ಥಾನದ ಕಾಲದ್ದು. ಆದ್ರೆ ನಾನು ದಿನಾ ಬೆಳಿಗ್ಗೆ ಅಷ್ಟು ದೂರ ಹೋಗ್ತಿರಲಿಲ್ಲ. ನಾಲ್ಕೈದು ನಿಮಿಷದ ದಾರಿಯಲ್ಲೇ ತುಲಸಿ ಘಾಟ್ ಇದೆ. ತುಲಸೀದಾಸರು ವಾಸವಿದ್ದ, 1623ರಲ್ಲಿ ತೀರಿಕೊಂಡ ಜಾಗ ಅಂತ ಅಲ್ಲಿನ ನಂಬಿಕೆ. ಘಾಟ್‌ನ ಮೇಲ್ಗಡೆ ಒಂದು ಅಖಾಡ ಇದೆ. ಅದನ್ನೂ ತುಲಸೀದಾಸರೇ ಶುರು ಮಾಡಿದ್ದು ಅಂತಾರೆ ಬನಾರಸಿನವರು. ನಾವು ಗರಡಿ ಮನೆ ಅನ್ನೋದನ್ನೇ ಅವರು ಅಖಾಡ ಅಂತಾರೆ.

ನಾನು ಹೋಗಿದ್ದು ಕುಸ್ತಿ ನೋಡೋಕೆ. ಮೊದಲ ಅರ್ಧ ಗಂಟೆ ಯಾರೂ ಕುಸ್ತಿ ಆಡಲೇ ಇಲ್ಲ! ಒಬ್ಬ ಗುದ್ದಲಿ ಹಿಡಿದು ಮಣ್ಣು ಅಗೀತಿದ್ದ. ಎಣ್ಣೆ, ಅರಿಶಿನ ಬಿದ್ದು ಹದವಾದ ಮಣ್ಣು, ನಮ್ಮ ಮೈಸೂರು ಕಡೆ ಮಟ್ಟಿ ಅಂತಾರಲ್ಲ, ಅದೇ. ಇಬ್ಬರು ದಂಡ ಹೊಡೀತಿದ್ರು, ಒಬ್ಬ ಬಸ್ಕಿ ತೆಗೀತಿದ್ದ. ಮೂಲೆಯಲ್ಲಿ ತಲೆ ಪೂರ್ತಿ ನೆರೆತ ಹಿರಿಯರೊಬ್ಬರು ಮರದ ಜೋಡಿ ಬೀಸುತ್ತಿದ್ರು, ಎರಡು ಕೈಗೆ ಎರಡು ದಪ್ಪ ದಿಮ್ಮಿ. "ನೀವು ಕುಸ್ತಿ ಆಡಲ್ವಾ?" ಅಂತ ನನ್ನ ಹರಕು ಹಿಂದಿಯಲ್ಲಿ ಕೇಳಿದೆ. ಆಡೋದು ಬಿಟ್ಟು ಇಪ್ಪತ್ತು ವರ್ಷ ಆಯ್ತಂತೆ. ಅಖಾಡ ಬಿಟ್ಟಿಲ್ಲವಂತೆ. ಕುಸ್ತಿ ಬಿಟ್ಟವನಿಗೂ ಅಲ್ಲಿ ದಿನಾ ಬೆಳಿಗ್ಗೆ ಒಂದು ಕೆಲಸ, ಒಂದು ಮೂಲೆ ಇದೆ. ನಾನು ದುಡ್ಡು ಕಟ್ಟಿದ್ದ ಜಿಮ್ಮಿನಲ್ಲಿ ಅಂಥ ಮೂಲೆಯೇ ಇರಲಿಲ್ಲ.

ಇದು ಬನಾರಸಿನ ವಿಶೇಷ ಅಂದುಕೋಬೇಡಿ. ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯೆಸ್ ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ. ಕೃಷ್ಣದೇವರಾಯನ ಬೆಳಗ್ಗೆ ಹೇಗಿತ್ತು ಅಂತ ಬರೆದಿಟ್ಟಿದ್ದಾನೆ. ರಾಯ ಬೆಳಕು ಹರಿಯೋಕೆ ಮೊದಲೇ ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಎಣ್ಣೆ ಹಚ್ಚಿಸಿಕೊಳ್ತಿದ್ದ. ಮಣ್ಣಿನ ದೊಡ್ಡ ಭಾರಗಳನ್ನ ಎತ್ತುತ್ತಿದ್ದ. ಕತ್ತಿವರಸೆ ಮಾಡಿ ಆ ಎಣ್ಣೆಯೆಲ್ಲ ಬೆವರಾಗಿ ಇಳಿಯೋವರೆಗೂ ಬಿಡ್ತಿರಲಿಲ್ಲ. ಅದಾದ ಮೇಲೆ ತನ್ನ ಜಟ್ಟಿಗಳಲ್ಲೊಬ್ಬನ ಜೊತೆ ಕುಸ್ತಿ, ಕೊನೆಗೆ ಕುದುರೆ ಸವಾರಿ. ರಾಯ ಹುಟ್ಟಿದ್ದು 1471ರಲ್ಲಿ ಅನ್ನೋ ಲೆಕ್ಕ ಹಿಡಿದರೆ ಆಗ ವಯಸ್ಸು ಐವತ್ತರ ಹತ್ತಿರ. ಚಕ್ರವರ್ತಿಯೂ ಮೈ ಹದ ಮಾಡ್ಕೊಂಡೇ ಪಟ್ಟಿಗೆ ಕೈ ಹಾಕ್ತಿದ್ದ. ನಾನು ಮೀಟಿಂಗ್ ಮುಗಿಸಿ, ಕಾರ್ ಪಾರ್ಕ್ ಮಾಡಿ, ನೇರ ಸ್ಪಾರಿಂಗ್‌ಗೆ ಹೋಗಿದ್ದೆ.

ಅದಕ್ಕೂ ನಾನೂರು ವರ್ಷ ಹಿಂದೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದ ಅಂತ ಒಂದು ಭಾಗವೇ ಇದೆ. ಅದರಲ್ಲಿ ಮಲ್ಲರನ್ನ ವಯಸ್ಸು, ಗಾತ್ರ, ಬಲ ನೋಡಿ ವಿಂಗಡಿಸ್ತಾರೆ. 12ನೇ ಶತಮಾನದಲ್ಲಿ, ಈಗಿನ ಬೀದರ್ ಜಿಲ್ಲೆಯಲ್ಲಿ ಕೂತು, ವಯಸ್ಸಿನ ಲೆಕ್ಕ ಇಟ್ಟಿದ್ದರು.

ಇನ್ನು "ಯಾವುದು ಬೆಸ್ಟ್" ಅನ್ನೋ ಪ್ರಶ್ನೆ. ಇದಕ್ಕೆ ಗಾಮಾ ಪೈಲ್ವಾನನ ಕಥೆ ಹೇಳಲೇಬೇಕು. 1910ರ ಸೆಪ್ಟೆಂಬರ್ 10, ಲಂಡನ್. ಎದುರಿಗೆ ಪೋಲೆಂಡಿನ ಸ್ಟಾನಿಸ್ಲಾಸ್ ಝಬಿಸ್ಕೊ. ಮ್ಯಾಟ್ ಮೇಲೆ, ಅಲ್ಲಿನ ನಿಯಮ. ಝಬಿಸ್ಕೊ ಹೊಟ್ಟೆ ಮೇಲೆ ಮಲಗಿಬಿಟ್ಟ, ಎದ್ದೇಳಲೇ ಇಲ್ಲ ಅಂತಾರಲ್ಲ, ಹೆಚ್ಚುಕಮ್ಮಿ ಹಾಗೆ. ಎರಡೂವರೆ ಗಂಟೆ ಮೀರಿದರೂ ಗಾಮಾಗೆ ಅವನನ್ನ ಚಿತ್ ಮಾಡೋಕೆ ಆಗಲಿಲ್ಲ, ಡ್ರಾ ಆಯ್ತು. ಮುಂದಿನ ವಾರದ ಮರುಪಂದ್ಯಕ್ಕೆ ಝಬಿಸ್ಕೊ ಬರಲೇ ಇಲ್ಲ. 1928ರ ಜನವರಿಯಲ್ಲಿ ಅದೇ ಇಬ್ಬರು ಪಟಿಯಾಲದಲ್ಲಿ ಮಣ್ಣಿನ ಅಖಾಡಕ್ಕೆ ಇಳಿದರು. ಗಾಮಾಗೆ 49, ಝಬಿಸ್ಕೊಗೂ ಹೆಚ್ಚುಕಮ್ಮಿ ಅಷ್ಟೇ. ಒಂದು ನಿಮಿಷದೊಳಗೆ ಮುಗೀತು, ಗಾಮಾ ಗೆದ್ದ. ಪೂರ್ತಿ ಶ್ರೇಯಸ್ಸು ಮಣ್ಣಿಗೆ ಕೊಡೋದು ತಪ್ಪಾಗುತ್ತೆ. ಆದ್ರೂ ಅದೇ ಇಬ್ಬರು, ನೆಲ ಬೇರೆ, ನಿಯಮ ಬೇರೆ, ಎರಡೂವರೆ ಗಂಟೆಯ ಜಾಗದಲ್ಲಿ ಒಂದು ನಿಮಿಷ.

ಖಾಶಾಬಾ ಜಾಧವರದ್ದು ಇದರ ತಿರುಗುಮುರುಗು. ಸಾತಾರಾ ಜಿಲ್ಲೆಯ ಮಣ್ಣಿನಲ್ಲಿ ಬೆಳೆದವರು 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅಭ್ಯಾಸವಿಲ್ಲದ ಮ್ಯಾಟ್ ಮೇಲೆ ಆಡಿ ಆರನೆಯವರಾದರು. ಮ್ಯಾಟ್‌ನ ನಿಯಮ ಕಲಿತು 1952ರಲ್ಲಿ ಹೆಲ್ಸಿಂಕಿಯಿಂದ ಕಂಚು ತಂದರು. ಹಳೇ ವಿದ್ಯೆ ಬಿಡಲಿಲ್ಲ, ಹೊಸ ನೆಲಕ್ಕೆ ಕಾಲು ಹೊಂದಿಸಿಕೊಂಡರು.

ಹಾಗಾಗಿ ಪುಣೆಯ ಸ್ನೇಹಿತರಿಗೆ ನನ್ನ ಉತ್ತರ: ವಿದ್ಯೆಯ ಹೆಸರು ಆಮೇಲೆ ನೋಡಿ. ಮೊದಲು ನೆಲ ನೋಡಿ, ಮ್ಯಾಟ್ ಇದೆಯಾ, ಬರೀ ಟೈಲ್ಸಾ? ಆಮೇಲೆ ಜೊತೆಗಾರರನ್ನ ನೋಡಿ. ನಲವತ್ತು ದಾಟಿದವರು ಒಬ್ಬರಾದ್ರೂ ಐದಾರು ವರ್ಷದಿಂದ ಬರ್ತಿದ್ದಾರಾ? ಇಲ್ಲ ಅಂದ್ರೆ ಯಾಕಿಲ್ಲ ಅಂತ ಕೇಳಿ. ಪೂರ್ತಿ ಬಲ ಹಾಕಿದರೂ ಗಾಯವಾಗದೆ ನಿಲ್ಲಿಸೋಕೆ ದಾರಿ ಇದೆಯಾ ಅನ್ನೋದು ಇನ್ನೊಂದು. ಮೈಸೂರು ಅರಮನೆಯಲ್ಲಿ ದಸರೆಗೆ ನಡೆಯೋ ವಜ್ರಮುಷ್ಟಿ ಕಾಳಗ ಗೊತ್ತಲ್ಲ, ಜಟ್ಟಿಗಳದ್ದು, ರಕ್ತ ಕಂಡರೆ ಮುಗೀತು. ಅದನ್ನ ವಾರಕ್ಕೆ ಮೂರು ದಿನ ಮಾಡೋಕೆ ಆಗಲ್ಲ. ಜಪಾನಿನ ಜಿಗೊರೊ ಕಾನೊ 1882ರಲ್ಲಿ ಜೂಡೋ ಕಟ್ಟುವಾಗ ಇದನ್ನೇ ಯೋಚಿಸಿದ್ದು. ಅಪಾಯದ ಪಟ್ಟುಗಳನ್ನ ಕಟಾಗೆ ಸರಿಸಿ, ಉಳಿದದ್ದನ್ನ ಪೂರ್ತಿ ಬಲದಿಂದ ಅಭ್ಯಾಸ ಮಾಡೋ ಹಾಗೆ ರಾಂಡೋರಿ ಇಟ್ಟರು. ಜಿಯು-ಜಿತ್ಸುವಿನಲ್ಲಿ ಎರಡು ಸಲ ತಟ್ಟಿದರೆ ಬಿಡ್ತಾರೆ. ಕರಾಟೆಯೂ ಸರಿ, ಕಟಾ ನಿಮ್ಮ ಮೈಗೆ ಇನ್ನೂ ನೆನಪಿರುತ್ತೆ. ಆದ್ರೆ ಹಳೇ ಬೆಲ್ಟ್ ಬೀರುವಿನಲ್ಲೇ ಇರಲಿ, ಬಿಳಿ ಬೆಲ್ಟ್ ಕಟ್ಟಿ ಹೋಗಿ. ಎಂಎಂಎ ಬೇಡ ಅನ್ನಲ್ಲ, ಮೊದಲ ವರ್ಷ ಬೇಡ. ನಿಮ್ಮ ಪುಣೆಯ ಹಳೇ ಪೇಟೆಗಳಲ್ಲಿ ತಾಲೀಮುಗಳಿವೆ, ಒಂದು ಬೆಳಿಗ್ಗೆ ಹೋಗಿ ಸುಮ್ಮನೆ ಕೂತು ನೋಡಿ ಬನ್ನಿ.

ಹೆಣ್ಣುಮಕ್ಕಳಿಗೆ ಅಖಾಡ ಇಲ್ವಾ ಅಂತ ಲೈವ್‌ನಲ್ಲಿ ಒಬ್ಬರು ಕೇಳಿದ್ರು. ನೂರಾರು ವರ್ಷ ಇರಲಿಲ್ಲ, ಅದು ನಿಜ. 2017ರ ಸುಮಾರಿಗೆ ಇದೇ ತುಲಸಿ ಘಾಟ್‌ನ ಅಖಾಡದಲ್ಲಿ ನಾಗಪಂಚಮಿಗೆ ಹುಡುಗಿಯರು ಮಣ್ಣಿಗಿಳಿದರು. ಬಹಳ ತಡವಾಯ್ತು.

ನಾನೀಗ ಜೂಡೋಗೆ ಹೋಗ್ತಿದ್ದೀನಿ, ಎಂಟು ತಿಂಗಳಾಯ್ತು, ವಾರಕ್ಕೆ ಮೂರು ದಿನ. ಬೀಳೋದು ಕಲೀತಿದ್ದೀನಿ, ಮನೆಯಲ್ಲಿ ದಂಡ, ಬಸ್ಕಿ. ಕಳೆದ ವಾರ ಗುರುಗಳು ರಾಂಡೋರಿಗೆ ಇಳೀತೀರಾ ಅಂತ ಕೇಳಿದರು. ಮುಂದಿನ ತಿಂಗಳು ಅಂದೆ. "ಆಗಲಿ, ಹಾಗಾದ್ರೆ ಮ್ಯಾಟ್ ಹಾಸೋಕೆ ಬನ್ನಿ" ಅಂದರು.